ಬಚ್ಚಲು ಸೇರಿಸುವ ಮುಂಚೆ ಸೂರಿನ ನೀರು ನೋಡಿ

ಪ್ರಶ್ನೆ: ನಮ್ಮದು ಮಾವನವರ ಅಪ್ಪ ಕಟ್ಟಿಸಿದ ಹಂಚಿನ ಮನೆ. ಮಣ್ಣಿನ ಗೋಡೆ. ಬಚ್ಚಲು, ಪಾಯಿಖಾನೆ ಎರಡೂ ಹಿತ್ತಲಿನಲ್ಲಿವೆ. ಅತ್ತೆಗೆ ಮಂಡಿನೋವು. ಹೋದ ಮಳೆಗಾಲದಲ್ಲಿ ಪಾಚಿ ಮೇಲೆ ಜಾರಿ ಬಿದ್ದರು. ಅಡುಗೆಮನೆಯ ಹಿಂದಿನ ಗೋಡೆಗೆ ಸೇರಿಸಿ ಬಚ್ಚಲು, ವಾಷಿಂಗ್ ಮೆಷಿನ್‌ಗೆ ಒಂದು ಪುಟ್ಟ ಕೋಣೆ ಕಟ್ಟಿಸುವ ಯೋಚನೆ ಇದೆ. ‘ಮೂರು ಗೋಡೆ ಎಬ್ಬಿಸಿದ್ರೆ ಸಾಕು, ನಾಲ್ಕನೇದು ಇದ್ದೇ ಇದೆಯಲ್ಲ’ ಅಂತಾರೆ ಮೇಸ್ತ್ರಿ. ಸರಿಯಾ?
— ಒಬ್ಬ ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಆ ನಾಲ್ಕನೇ ಗೋಡೆಯ ಕಥೆ ನನಗೆ ಚೆನ್ನಾಗಿ ಗೊತ್ತು ತಂಗಿ. ಸಾಗರದ ಕಡೆಯ ನಮ್ಮ ಹಳೆಮನೆಯಲ್ಲಿ ನಾನೇ ಮಾಡಿಸಿದ ಕೆಲಸ ಅದು. ಅಮ್ಮನಿಗೆ ಅನುಕೂಲ ಆಗಲಿ ಅಂತ, ದುಡ್ಡೂ ಉಳಿಯಲಿ ಅಂತ, ಹಳೆ ಗೋಡೆಗೇ ಸಿಮೆಂಟ್ ಬಳಿಸಿ ಟೈಲ್ಸ್ ಹಾಕಿಸಿದೆ. ಮೊದಲ ವರ್ಷ ಬಂದವರೆಲ್ಲ ಹೊಗಳಿದರು. ಎರಡನೇ ವರ್ಷ ಪುನರ್ವಸು ಮಳೆ ಹಿಡಿದಾಗ ಅಡುಗೆಮನೆ ಒಳಗೆ, ಒರಳುಕಲ್ಲಿನ ಹಿಂದೆ, ಒಂದು ಗೇಣು ಎತ್ತರಕ್ಕೆ ಕಪ್ಪು ಕಲೆ ಎದ್ದಿತು. ದೀಪಾವಳಿ ಹೊತ್ತಿಗೆ ಅಲ್ಲಿ ಹೆಬ್ಬೆರಳು ಒತ್ತಿದರೆ ಹೋಳಿಗೆ ಹೂರಣದ ಹಾಗೆ ಒಳಗೆ ಹೋಗುತ್ತಿತ್ತು. ಆಮೇಲೆ ಒರಲೆ ಬಂತು. ಬಾಗಿಲ ಚೌಕಟ್ಟು ಹೋಯ್ತು.

ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಅದರ ಉಸಿರಾಟವೇ ಹಾಗೆ. ಮೇಲೆ ಸಿಮೆಂಟು, ಟೈಲ್ಸ್ ಮುಚ್ಚಿಬಿಟ್ಟರೆ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯೇ ಇಲ್ಲ. ಟೈಲ್ಸ್ ಸಂದಿಯಲ್ಲಿ ದಿನಾ ಒಂದೊಂದು ಹನಿ ಹೋದರೂ ಸಾಕು.

ಅದಕ್ಕೆ ಹೊಸ ಬಚ್ಚಲಿಗೆ ಅದರದೇ ಪಾಯ, ಅದರದೇ ನಾಲ್ಕು ಗೋಡೆ ಇರಲಿ. ಹಳೆ ಗೋಡೆಯಿಂದ 3 ಅಡಿ ಬಿಟ್ಟು ಕಟ್ಟಿಸಿ. ನಡುವೆ ಮಾಡು ಇರುವ ಓಣಿ. ಅಡುಗೆಮನೆಗೆ ಹಿಂಬಾಗಿಲು ಇದ್ದರೆ ಅದನ್ನೇ ಬಳಸಿ, ಹೊಸ ಬಾಗಿಲಿಗೆ ಅಂತ ಮಣ್ಣಿನ ಗೋಡೆ ಒಡೆಸಬೇಡಿ. ಒಂದು ಗೋಡೆಯ ಖರ್ಚು ಜಾಸ್ತಿ ಆಗುತ್ತದೆ, ನಿಜ. ನನಗೆ ಎರಡು ಗೋಡೆಯ ಖರ್ಚು ಬಂತು.

ಇನ್ನು ಸೂರು. ಆಗುಂಬೆ ಇರುವ ತಾಲ್ಲೂಕು ನಿಮ್ಮದು. ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗಿಂತ ಹೆಚ್ಚು ಮಳೆ. ನಿಮ್ಮೂರಲ್ಲಿ ಅಷ್ಟಿಲ್ಲದಿದ್ದರೂ ಹಳೆ ಮಾಡಿನ ನೀರೆಲ್ಲ ಆ ಹಿಂದಿನ ಸೂರಿನಿಂದಲೇ ಇಳಿಯುತ್ತದೆ ಅಲ್ವಾ? ಓಣಿಯ ಮಾಡು ಹಳೆ ಸೂರಿನ ಕೆಳಗೆ ಒಂದು ಅಡಿ ಒಳಗೆ ನುಗ್ಗಿರಲಿ, ಇಳಿಜಾರು ಹೊರಗಡೆಗೆ. ಹಳೆ ಮನೆಗಳ ಸೂರು ತಲೆಗೆ ಬಡಿಯುವಷ್ಟು ತಗ್ಗು. ನಿಮ್ಮದೂ ಹಾಗಿದ್ದರೆ ಎರಡು ಮಾಡಿನ ನಡುವೆ ನೀರು ಹಿಡಿದು ಸಾಗಿಸುವ ಅಗಲವಾದ ದಂಬೆ ಹಾಕಿಸಿ. 4 ಅಂಗುಲದ ಪೈಪು ಸೀಳಿ ಕಟ್ಟುತ್ತೇನೆ ಅಂದರೆ ಒಪ್ಪಬೇಡಿ. ಪುಷ್ಯ ಮಳೆಗೆ ಅದು ಅರ್ಧ ಗಂಟೆಯಲ್ಲಿ ತುಂಬಿ ಚೆಲ್ಲುತ್ತದೆ. 8 ಅಂಗುಲದ ತಗಡಿನದು ಬೇಕು. ಕಸ ತೆಗೆಯಲು ಏಣಿ ಇಡುವ ಜಾಗವೂ ಬೇಕು.

ಅತ್ತೆಯವರಿಗೆ ಬಾಗಿಲು 3 ಅಡಿ ಅಗಲ, ಹೊರಗೆ ತೆರೆಯುವ ಹಾಗೆ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡ ಮಲಗಿದರೆ ಒಳಮುಖದ ಬಾಗಿಲು ತೆಗೆಯಲು ಬರುವುದಿಲ್ಲ. ಕಮೋಡ್ ಪಕ್ಕ ಹಿಡಿಗಂಬಿ. ನೆಲಕ್ಕೆ ಒರಟು ಟೈಲ್ಸ್, 6 ಅಡಿಗೆ ಒಂದು ಅಂಗುಲ ಇಳಿಜಾರು.

ಪಾಯಿಖಾನೆ ಪೈಪಿಗೆ 10 ಅಡಿಗೆ 2ರಿಂದ 3 ಅಂಗುಲ ಇಳಿತ ಕೊಡಿಸಿ. ಇಂಗುಗುಂಡಿ ಬಾವಿಯಿಂದ 60 ಅಡಿಯಾದರೂ ದೂರ, ಬಾವಿಗಿಂತ ತಗ್ಗಿನ ಜಾಗದಲ್ಲಿ ಇರಬೇಕು. ಸ್ನಾನದ ನೀರು, ಮೆಷಿನ್ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಡಬೇಡಿ. ಬೇರೆ ಪೈಪಿನಲ್ಲಿ ಬಾಳೆ, ಕೆಸುವಿನ ಪಾತಿಗೆ ಹೋಗಲಿ, ಹೆಚ್ಚಾದದ್ದು ತೋಟದ ಬಸಿಗಾಲುವೆಗೆ.

ಮೆಷಿನ್ ಕೋಣೆ 5 ಅಡಿಗೆ 6 ಅಡಿ ಸಾಕು. 16 ಆಂಪಿಯರ್ ಪ್ಲಗ್, ಸರಿಯಾದ ಅರ್ತಿಂಗ್, 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್. ಇದರಲ್ಲಿ ಚೌಕಾಸಿ ಬೇಡ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ನೀರಿನ ಟ್ಯಾಂಕನ್ನು ಹಳೆ ಗೋಡೆ ಮೇಲೆ ಕೂರಿಸಬೇಡಿ. 500 ಲೀಟರ್ ಅಂದರೆ 500 ಕೆ.ಜಿ. ಭಾರ. ಬೇರೆ ಕಂಬದ ಮೇಲೆ, ನಲ್ಲಿಯಿಂದ ಹತ್ತು ಅಡಿಗಿಂತ ಎತ್ತರದಲ್ಲಿಡಿ. ಇಲ್ಲದಿದ್ದರೆ ಕೆಲವು ಫ್ರಂಟ್ ಲೋಡ್ ಮೆಷಿನ್‌ಗಳು ನೀರು ಸಾಲದು ಅಂತ ನಿಂತುಬಿಡುತ್ತವೆ.

ಮೆಷಿನ್ ಒಗೆದುಕೊಡುತ್ತದೆ, ನಿಮ್ಮೂರ ಮಳೆಯಲ್ಲಿ ಒಣಗಿಸಿಕೊಡುವವರು ಯಾರು? ಹಂಡೆ ಒಲೆಯನ್ನು ಸುಮ್ನೆ ಒಡೆದು ಹಾಕಬೇಡಿ. ಹೊಸ ಬಚ್ಚಲಿಗೆ ತಾಗಿ ಹಂಡೆ ಕೂರಿಸಿ, ಒಲೆಯ ಬಾಯಿ ಹೊರಗಿರಲಿ, ಹೊಗೆ ಪೂರ್ತಿ ಹೊರಗೇ ಹೋಗಲಿ. ಅಡಿಕೆ ಸಿಪ್ಪೆ ಉರಿಸಿದರೂ ಸಾಕು. ಆ ಬಿಸಿ ಗೋಡೆಯ ಈಚೆ, ಮೆಷಿನ್ ಕೋಣೆಯಲ್ಲಿ, ಮೇಲೆ ನಾಲ್ಕು ಬಿದಿರು ಗಳ ಕಟ್ಟಿಸಿ, ಮಾಡಿನ ಹತ್ತಿರ ಗಾಳಿಕಿಂಡಿ ಬಿಡಿಸಿ. ನಾವು ಚಿಕ್ಕವರಿದ್ದಾಗ ಒಲೆ ಮೇಲೇ ಒಣಗಿದ ಯೂನಿಫಾರಂ ಹಾಕಿಕೊಂಡು ಹೋದರೆ ಇಡೀ ಕ್ಲಾಸು ಹೊಗೆ ವಾಸನೆ ಹೊಡೆಯುತ್ತಿತ್ತು. ಈ ಏರ್ಪಾಡಿನಲ್ಲಿ ಆ ಕಾಟ ಇಲ್ಲ. ಗ್ಯಾಸ್ ಗೀಸರ್ ಹಾಕಿಸುವುದಾದರೆ ಅದು ಬಚ್ಚಲ ಹೊರಗೇ ಇರಬೇಕು. ಮುಚ್ಚಿದ ಬಚ್ಚಲಲ್ಲಿ ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜೀವ ತೆಗೆಯುತ್ತದೆ.

ಈ ಮಳೆಗಾಲ ಏನೂ ಕಟ್ಟಿಸಬೇಡಿ. ಜೋರು ಮಳೆಯಲ್ಲಿ ಕೊಡೆ ಹಿಡಿದು ಹಿತ್ತಲಿಗೆ ಹೋಗಿ, ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ ಅಲ್ಲಲ್ಲಿ ಗೂಟ ಹೊಡೆಯಿರಿ. ಗೂಟದ ಗೆರೆ ತಪ್ಪಿಸಿ ದೀಪಾವಳಿ ಕಳೆದ ಮೇಲೆ ಪಾಯ ತೆಗೆಸಿ. ಅಷ್ಟು ಹೊತ್ತಿಗೆ ಅಡಿಕೆ ಕೊಯ್ಲಿಗೆ ಆಳುಗಳೆಲ್ಲ ಹೋಗಿಬಿಟ್ಟಿರುತ್ತಾರೆ. ಮೇಸ್ತ್ರಿಗೆ ಗಣಪತಿ ಹಬ್ಬದೊಳಗೇ ಮುಂಗಡ ಕೊಟ್ಟಿಡಿ. ನಾಲ್ಕು ಗೋಡೆಯ ಲೆಕ್ಕದಲ್ಲೇ ಕೊಡಿ.