ಲಟ್ಟಣಿಗೆ ಜೋಕು ಮತ್ತು ಏಟಿನ ಲೆಕ್ಕ

ಬಸವೇಶ್ವರನಗರದ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ, ಸಿಟ್ಟಿನಲ್ಲೇ. ಹೆಂಡತಿಗೆ ಹೊಡೆಯುವ ಗಂಡಂದಿರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಅವರ ತಕರಾರು ಇಷ್ಟು: "ಗಂಡಸರೂ ಅಷ್ಟೇ ಏಟು ತಿನ್ನುತ್ತಾರೆ, ಅಮೆರಿಕದ ಸರ್ವೆಗಳೇ ಹಾಗೆ ಹೇಳುತ್ತವೆ. ನೀವು ಯಾಕೆ ಮುಚ್ಚಿಡುತ್ತೀರಿ? ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರ ಮುಖದ ಮೇಲೆ ಪರಚಿದ ಗಾಯ ನಾನೇ ನೋಡಿದ್ದೇನೆ. ಎಲ್ಲರೂ ನಗುತ್ತಾರೆ."

ಸಾರ್, ಆ ಕೊನೇ ಮಾತು ನಿಜ. ನಾವೂ ನಗಿಸಿದ್ದೇವೆ. ಹೆಂಡತಿ ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತಿರುವ, ಗಂಡ ಮಂಚದ ಕೆಳಗೆ ಅವಿತಿರುವ ವ್ಯಂಗ್ಯಚಿತ್ರ ನಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಬಂದಿದೆಯೋ, ಎಣಿಸಲು ನನಗೇ ನಾಚಿಕೆ.

ಈಗ ಲೆಕ್ಕ. ಅಮೆರಿಕದ ಮಾತು ನೀವು ಸುಮ್ನೆ ಹೇಳಿದ್ದಲ್ಲ. 1975ರಲ್ಲಿ ಸಮಾಜಶಾಸ್ತ್ರಜ್ಞ ಮರ್ರೆ ಸ್ಟ್ರಾಸ್ ಮತ್ತು ಜೊತೆಗಾರರು ಅಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಮನೆಗಳಲ್ಲಿ ಕೇಳಿದರು: ಈ ಒಂದು ವರ್ಷದಲ್ಲಿ ತಳ್ಳಿದ್ದುಂಟಾ, ಕೆನ್ನೆಗೆ ಬಾರಿಸಿದ್ದುಂಟಾ, ಏನಾದರೂ ಎಸೆದದ್ದುಂಟಾ? ಕೈ ಮಾಡಿದವರು ಎರಡೂ ಕಡೆ ನೂರಕ್ಕೆ ಸುಮಾರು 12. ಸಮ ಸಮ. ಆದರೆ ಆ ಪ್ರಶ್ನೆಗಳ ಪಟ್ಟಿ ಏಟನ್ನು ಎಣಿಸಿತು. ಯಾಕೆ ಬಿತ್ತು, ಬಿದ್ದ ಮೇಲೆ ಏನಾಯಿತು ಅಂತ ಕೇಳಲಿಲ್ಲ. ಗೋಡೆಗೆ ಒತ್ತಿ ಹಿಡಿದವನಿಂದ ಬಿಡಿಸಿಕೊಳ್ಳಲು ಅವಳು ತಳ್ಳಿದರೂ ಒಂದು, ಅವನು ಅವಳನ್ನು ಮೆಟ್ಟಿಲಿಂದ ತಳ್ಳಿದರೂ ಒಂದು. ಅದೇ ದೇಶದಲ್ಲಿ 2010ರಲ್ಲಿ, ಬದುಕಿನಲ್ಲಿ ಯಾವಾಗಲಾದರೂ ಸಂಗಾತಿಯಿಂದ ಜೋರು ಹೊಡೆತ ತಿಂದವರನ್ನೇ ಬೇರೆಯಾಗಿ ಎಣಿಸಿದಾಗ, ಹೆಂಗಸರಲ್ಲಿ ಸುಮಾರು ನಾಲ್ವರಿಗೆ ಒಬ್ಬರು, ಗಂಡಸರಲ್ಲಿ ಏಳು ಮಂದಿಗೆ ಒಬ್ಬರು ಸಿಕ್ಕರು. ಸಮ ಅಲ್ಲ. ಹಾಗಂತ ಏಳರಲ್ಲಿ ಒಬ್ಬ ಕಮ್ಮಿಯೂ ಅಲ್ಲ, ನಿಮ್ಮ ಲಿಫ್ಟ್ ತುಂಬಿದರೆ ಅದರೊಳಗೆ ಅಂಥವನೊಬ್ಬ ಇರಬಹುದು.

ನಮ್ಮಲ್ಲಿ ತೊಂದರೆ ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ಪ್ರಶ್ನೆಗಳನ್ನು ಹೆಂಗಸರಿಗೆ ಮಾತ್ರ ಕೇಳುತ್ತದೆ. "ಅವನು ಹೊಡೆಯದೇ ಇದ್ದಾಗ ನೀವಾಗಿ ಗಂಡನಿಗೆ ಹೊಡೆದದ್ದುಂಟಾ" ಅಂತಲೂ ಅವರನ್ನೇ ಕೇಳುತ್ತಾರೆ; 2019-21ರಲ್ಲಿ ನೂರಕ್ಕೆ ಸುಮಾರು 4 ಮಂದಿ ಹೂಂ ಅಂದರು. ಆ ಸಮೀಕ್ಷೆಯಲ್ಲಿ ಗಂಡನನ್ನು ಕೂರಿಸಿ ಕೇಳಿದವರಿಲ್ಲ. ಇದು ಸಮೀಕ್ಷೆಯ ಕೊರತೆ, ನಿಮ್ಮ ಸಿಟ್ಟು ಇಲ್ಲಿ ಸರಿಯಾಗಿದೆ. ಹರಿಯಾಣದ ಹಳ್ಳಿಗಳಲ್ಲಿ ಸಾವಿರ ಗಂಡಂದಿರನ್ನು ಕೇಳಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕೂ ಜಾಸ್ತಿ ಜನ ಹಿಂಸೆ ಅನುಭವಿಸಿದ್ದೇವೆ ಅಂದರು. ಬಹುಪಾಲು ಬೈಗುಳ, ಅವಮಾನ. ಮೈಗೆ ಏಟು ಬಿದ್ದದ್ದು ನೂರಕ್ಕೆ 6 ಮಂದಿಗೆ.

ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರ ಲೆಕ್ಕ ನೋಡಿ. ಗಂಡನಿಂದ ಹಿಂಸೆ ಕಂಡವರು 2015-16ರಲ್ಲಿ ನೂರಕ್ಕೆ 20.6, ಮುಂದಿನ ಸಮೀಕ್ಷೆಯಲ್ಲಿ 44.4. ದೇಶದಲ್ಲೇ ಜಾಸ್ತಿ. ನಾಲ್ಕೈದು ವರ್ಷದಲ್ಲಿ ನಮ್ಮ ಗಂಡಂದಿರು ದುಪ್ಪಟ್ಟು ಕೆಟ್ಟುಹೋದರಾ? ನನಗೆ ನಂಬಿಕೆ ಇಲ್ಲ. ಹಿಂದಿನ ಸಲ ಬಾಯಿ ಬಿಡದವರು ಈ ಸಲ ಬಿಟ್ಟಿರಬೇಕು ಅಂತ ನನ್ನ ಅಂದಾಜು. ನಾನು ಬೆಳೆದದ್ದು ಹನುಮಂತನಗರದ ವಠಾರದಲ್ಲಿ. ರಾತ್ರಿ ಕೊನೇ ಮನೆಯ ಏಟಿನ ಸದ್ದು ಎಲ್ಲ ಮನೆಗೂ ಕೇಳುತ್ತಿತ್ತು, ಬೆಳಿಗ್ಗೆ ನಲ್ಲಿ ಹತ್ತಿರ ಮಾತ್ರ ಯಾರಿಗೂ ಏನೂ ಕೇಳಿಸಿರುತ್ತಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಅಲ್ವಾ?

ಇನ್ನೊಂದು. ಗಂಡಸರು ಏಟು ತಿನ್ನುವುದಿಲ್ಲ ಅಂತ ನಾವು ಬರೆದಿಲ್ಲ. ಜಗತ್ತಿನಲ್ಲಿ ಕೊಲೆಯಾಗುವ ಐವರಲ್ಲಿ ನಾಲ್ವರು ಗಂಡಸರೇ. ಕೊಲ್ಲುವವರೂ ಬಹುಪಾಲು ಗಂಡಸರೇ: ಬಾರ್ ಮುಂದೆ, ಹಳೇ ದ್ವೇಷಕ್ಕೆ, ಸಿಗ್ನಲ್‌ನಲ್ಲಿ ಗಾಡಿ ತಾಗಿದ್ದಕ್ಕೆ. ಸಂಗಾತಿಯ ಕೈಯಲ್ಲಿ ಸತ್ತವರನ್ನು ಮಾತ್ರ ತೆಗೆದುಕೊಂಡರೆ ಲೆಕ್ಕ ತಿರುಗುತ್ತದೆ. ವಿಶ್ವಸಂಸ್ಥೆಯ 2017ರ ಲೆಕ್ಕದಲ್ಲಿ ಅವರಲ್ಲಿ ನೂರಕ್ಕೆ 82 ಹೆಂಗಸರು.

ಮೂರನೇ ಮಹಡಿಯವರ ವಿಷಯ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಅವರಿಗೆ ಸಿಗುವುದಿಲ್ಲ, ಅದು ಹೆಂಗಸರಿಗೆ. ಆದರೆ ಗಾಯ ಮಾಡುವುದು ಯಾರು ಮಾಡಿದರೂ ಅಪರಾಧ, 112 ಎಲ್ಲರಿಗೂ ಇದೆ. ಪೊಲೀಸಿನವರೂ ನಗಬಹುದು, ಅದೂ ಗೊತ್ತು. ಮೊದಲು ನೀವೇ ಒಂದು ಸಲ ಕಾಫಿಗೆ ಕರೆಯಿರಿ. ಗಾಯ ಹೇಗಾಯಿತು ಅಂತ ಕೇಳಬೇಡಿ, ಬಾಗಿಲು ತಾಗಿತು ಅಂದುಬಿಡುತ್ತಾರೆ. ಸಂಜೆ ಮನೆಗೆ ಹೋಗಲು ಭಯ ಆಗುತ್ತಾ ಅಂತ ಕೇಳಿ. ಅವರ ಹೆಂಡತಿಯನ್ನೂ ಯಾರಾದರೂ ಇದೇ ಕೇಳಿದರೆ ಒಳ್ಳೆಯದು.