ಮಸ್ಕತ್ತಿನ ನಿಧಾನಕ್ಕೆ ಹೊಂದಿಕೊಳ್ಳುವ ಬಗ್ಗೆ, ಶಿರಸಿಯ ಸೋದರಿಗೆ

ಪ್ರಿಯ ಸೋದರಿ,

ಶಿರಸಿಯಲ್ಲಿ ಬೆಳೆದು, ಬೆಂಗಳೂರಿನಲ್ಲಿ ಕೆಲಸ ಮಾಡಿ, ಈ ಏಪ್ರಿಲ್‌ನಲ್ಲಿ ಪತಿಯೊಂದಿಗೆ ಒಮಾನಿನ ಮಸ್ಕತ್ತಿಗೆ ಬಂದಿರುವ ನೀವು ಕೇಳಿದ್ದು ಇಷ್ಟು: ಮಧ್ಯಾಹ್ನವಾದರೆ ಅಂಗಡಿಗಳು ಬಾಗಿಲು ಹಾಕುತ್ತವೆ, ಒಂದು ಸಹಿಗಾಗಿ ಮತ್ತೆ ಮತ್ತೆ ಅಲೆಯಬೇಕಾಗುತ್ತದೆ, ಆಕಾಶದಲ್ಲಿ ಮೋಡದ ಸುಳಿವಿಲ್ಲ, ಹೊತ್ತು ಹೋಗುವುದೇ ಇಲ್ಲ, ಇದಕ್ಕೆ ನೀವೆಲ್ಲ ಹೇಗೆ ಹೊಂದಿಕೊಂಡಿರಿ? ಕುಮಟಾದವಳಾದ ನಾನು, ಗೋನು ಚಂಡಮಾರುತ ಬಂದ 2007ಕ್ಕಿಂತ ಮೊದಲಿನಿಂದಲೂ ಇಲ್ಲಿ ಸಂಸಾರ ಹೂಡಿರುವುದರಿಂದ, ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಈ ನಿಧಾನವನ್ನು ಇಲ್ಲಿಯ ಜನರ ಸೋಮಾರಿತನವೆಂದು ದಯವಿಟ್ಟು ಭಾವಿಸಬೇಡಿ. ಇಲ್ಲಿಯ ದಿನಚರಿಯನ್ನು ಬಿಸಿಲೇ ಗೊತ್ತುಮಾಡುತ್ತದೆ. ಜೂನ್‌ನಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಕಡಲು ಪಕ್ಕದಲ್ಲೇ ಇರುವುದರಿಂದ ರಾತ್ರಿಯೂ ಸೆಕೆ ಬಿಡುವುದಿಲ್ಲ. ಇಲ್ಲಿಗೆ ಹತ್ತಿರದ ಕುರಿಯಾತ್‌ನಲ್ಲಿ 2018ರ ಜೂನ್ 26ರಂದು ದಾಖಲಾದ ಕನಿಷ್ಠ ಉಷ್ಣತೆಯೇ 42.6 ಡಿಗ್ರಿ. ಇಂಥ ಊರಿನಲ್ಲಿ ಅಂಗಡಿಯವರು ಮಧ್ಯಾಹ್ನ ಒಂದಕ್ಕೆ ಮುಚ್ಚಿ, ನಾಲ್ಕರ ಮೇಲೆ ತೆರೆದು, ರಾತ್ರಿ ಬಹಳ ಹೊತ್ತಿನವರೆಗೆ ವ್ಯಾಪಾರ ಮಾಡುವುದು ವಿವೇಕದ ಕ್ರಮವೆಂದೇ ನನಗೆ ಅನ್ನಿಸುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಕಾರ್ಮಿಕರನ್ನು ಬಯಲಿನಲ್ಲಿ ದುಡಿಸಬಾರದೆಂಬ ಕಾನೂನೂ ಇದೆ. ಎಸಿಯ ತಂಪಿನಲ್ಲಿ ಕುಳಿತು ನಮಗೆ ಹೊತ್ತು ಹೋಗದಿರುವಾಗ, ಆ ಮೂರು ಗಂಟೆಯ ನೆರಳಿಗಾಗಿ ಕಾದಿರುವವರು ನಮ್ಮ ಕಟ್ಟಡದ ಎದುರಿನಲ್ಲೇ ಇರುತ್ತಾರೆ. ಹೊರಗೆ ಹೋಗುವಾಗ ಕಾರಿನಲ್ಲಿ ನಾಲ್ಕು ತಣ್ಣನೆಯ ನೀರಿನ ಬಾಟಲಿಗಳನ್ನು ಅವರಿಗೆಂದೇ ಇಟ್ಟುಕೊಳ್ಳಿ.

ನನಗೆ ಹೊಂದಿಕೊಳ್ಳಲು ನೆರವಾದದ್ದು ಒಂದೇ ವಿಚಾರ: ಮಸ್ಕತ್ತಿನ ಬೇಸಿಗೆ ನಮ್ಮ ಮಳೆಗಾಲವಿದ್ದಂತೆ. ಜೂನ್‌ನಲ್ಲಿ ಮಳೆ ಹಿಡಿದುಕೊಂಡಿತೆಂದರೆ ಕುಮಟಾದಲ್ಲಿ ದೋಣಿಗಳು ದಡ ಸೇರುತ್ತವೆ. ನಿಮ್ಮ ಶಿರಸಿಯ ಕಡೆಯಲ್ಲಂತೂ ಅದಕ್ಕೆ ಮೊದಲೇ ಕಟ್ಟಿಗೆ, ದರಕು ಎಂಬ ಒಣ ಎಲೆ ಕೂಡಿಟ್ಟು, ಹಲಸಿನ ಹಪ್ಪಳ ಒಣಗಿಸಿ, ಅಪ್ಪೆಮಿಡಿ ಉಪ್ಪಿಗೆ ಹಾಕಿ, ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿಸಿ ಮನೆಯವರೆಲ್ಲ ಒಳಗಿನ ಬದುಕಿಗೆ ಸಿದ್ಧರಾಗುತ್ತಾರೆ. ಆ ದಿನಗಳಲ್ಲಿ ಪೇಟೆಗೆ ಹೋಗಲಾಗಲಿಲ್ಲವೆಂದು ಯಾರೂ ಕೊರಗುವುದಿಲ್ಲ. ಇಲ್ಲಿಯೂ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಕಾಲವೆಂದು ತಿಳಿದು, ಹೊಲಿಗೆಯೋ, ಸಂಗೀತದ ಅಭ್ಯಾಸವೋ, ಬಿಟ್ಟುಹೋದ ಓದೋ, ಏನಾದರೊಂದನ್ನು ಆ ತಿಂಗಳುಗಳಿಗೆಂದೇ ತೆಗೆದಿಡಿ. ಊರಿಗೆ ಹೋದಾಗ ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆಯನ್ನು ಧಾರಾಳವಾಗಿ ತನ್ನಿ. ಈ ಸೆಕೆಗೆ ಅದರ ಪಾನಕಕ್ಕಿಂತ ಹಿತವಾದದ್ದನ್ನು ನಾನು ಕಂಡಿಲ್ಲ. ಮಹಡಿಯ ಮೇಲಿನ ಟ್ಯಾಂಕಿನ ನೀರು ಮೈಮೇಲೆ ಹಾಕಿಕೊಳ್ಳಲಾರದಷ್ಟು ಕಾಯುವುದರಿಂದ ಇಲ್ಲಿಯ ಹಳಬರು ಬೇಸಿಗೆಯಲ್ಲಿ ಗೀಸರ್ ಆರಿಸಿ, ಅದರೊಳಗೆ ನಿಂತು ಆರಿದ ನೀರನ್ನು ಬಿಸಿನೀರಿನ ನಲ್ಲಿಯಿಂದಲೇ ಹಿಡಿದು ಸ್ನಾನ ಮಾಡುತ್ತಾರೆ; ನೀವೂ ಹಾಗೆಯೇ ಮಾಡಿ.

ಊರಿನಲ್ಲಿ ಮೊದಲ ಮಳೆಗೆ ಹಿತ್ತಲು ಚಿಗುರಿದರೆ, ಇಲ್ಲಿ ವರ್ಷ ಆರಂಭವಾಗುವುದು ಅಕ್ಟೋಬರ್‌ನಲ್ಲಿ. ಆಗ ಬಾಲ್ಕನಿಯ ಕುಂಡಗಳಲ್ಲಿ ಮೆಂತ್ಯ, ಕೊತ್ತಂಬರಿ, ಟೊಮೆಟೊ ಬಿತ್ತಬಹುದು, ಮತ್ರಾದ ಕಡಲಂಚಿನ ರಸ್ತೆಯಲ್ಲಿ ದೂರದವರೆಗೆ ನಡೆಯಬಹುದು, ಕುರುಂ ಕಡಲತೀರದಲ್ಲಿ ಕತ್ತಲಾಗುವವರೆಗೆ ಮಕ್ಕಳನ್ನು ಆಡಿಸಬಹುದು. ಜಬಲ್ ಅಖ್ದರ್ ಬೆಟ್ಟಕ್ಕೆ ಹೋಗುವುದಾದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲವಿರುವ ವಾಹನ ಬೇಕು. ಅಂಥದ್ದಲ್ಲದಿದ್ದರೆ ಪೊಲೀಸರು ಬುಡದಲ್ಲೇ ತಡೆಯುತ್ತಾರೆ. ವಸಂತದಲ್ಲಿ ಅಲ್ಲಿಯ ಗುಲಾಬಿ ತೋಟಗಳು ಅರಳಿದಾಗ ಒಮ್ಮೆಯಾದರೂ ನೋಡಿ ಬನ್ನಿ.

ಕಚೇರಿಯ ಅಲೆದಾಟದ ಬಗ್ಗೆ ಎರಡು ಮಾತು. 2013ರಿಂದ ಇಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಸರಕಾರಿ ಕಚೇರಿಗಳು ಬೆಳಿಗ್ಗೆ ಬೇಗ ತೆರೆದು ಮಧ್ಯಾಹ್ನಕ್ಕೆ ಕೆಲಸ ಮುಗಿಸುತ್ತವೆ. ಆದ್ದರಿಂದ ಗುರುವಾರ ಹೊತ್ತೇರಿದ ಮೇಲೆ ಕಾಗದಪತ್ರ ಹಿಡಿದು ಹೋಗುವುದರಲ್ಲಿ ಅರ್ಥವಿಲ್ಲ. ಹೋದ ಕೂಡಲೇ ಕೆಲಸದ ಮಾತೆತ್ತದೆ ಸಲಾಂ ಹೇಳಿ, ಅವರ ಕ್ಷೇಮ ವಿಚಾರಿಸಿ, ನಿಮ್ಮ ಕ್ಷೇಮವನ್ನು ಅವರು ವಿಚಾರಿಸಲು ಬಿಡಿ. ಖರ್ಜೂರ ಮತ್ತು ಕಹ್ವಾ ಎಂಬ ಕಾಫಿ ಕೊಟ್ಟರೆ ಬೇಡವೆನ್ನಬೇಡಿ. ಸಾಕೆನಿಸಿದಾಗ ಬಟ್ಟಲನ್ನು ಅತ್ತಿತ್ತ ಸ್ವಲ್ಪ ಅಲುಗಾಡಿಸಿದರೆ ಅವರಿಗೆ ತಿಳಿಯುತ್ತದೆ. ಒಮಾನಿಗಳು ಇದನ್ನು ಕಾಲಹರಣವೆಂದು ಎಣಿಸುವುದಿಲ್ಲ, ನನಗೂ ಹಾಗೆ ಕಂಡಿಲ್ಲ. ನಾನು ಕಷ್ಟದಲ್ಲಿದ್ದಾಗ ಮೊದಲು ಬಾಗಿಲು ತಟ್ಟಿ ವಿಚಾರಿಸಿದವರು ಇಂಥ ಬಿಡುವಿನ ಮಾತುಕತೆಯಿಂದ ಪರಿಚಿತರಾದವರೇ.

ಮಳೆಯ ಹಂಬಲ ಮಾತ್ರ ಸುಲಭವಾಗಿ ಹೋಗುವುದಿಲ್ಲ, ಅದನ್ನು ಮರೆಮಾಚಲಾರೆ. ಶಿರಸಿಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ ಮಸ್ಕತ್ತಿನಲ್ಲಿ ಬೀಳುವುದು 100ರ ಆಸುಪಾಸು. ಆಗಸ್ಟ್‌ನಲ್ಲಿ ರಜೆ ಸಿಕ್ಕರೆ ದಕ್ಷಿಣ ಒಮಾನಿನ ಸಲಾಲಾಕ್ಕೆ ಹೋಗಿ. ಖರೀಫ್ ಎಂದು ಕರೆಯುವ ಆ ಕಾಲದಲ್ಲಿ ನೈಋತ್ಯ ಮಾರುತದ ಅಂಚು ತಾಗಿ ಅಲ್ಲಿಯ ಗುಡ್ಡಗಳು ಹಸಿರಾಗುತ್ತವೆ, ಸೋನೆ ಹಿಡಿದಿರುತ್ತದೆ, ರಸ್ತೆಬದಿಯಲ್ಲಿ ಎಳನೀರು, ಬಾಳೆಗೊನೆ ಮಾರುತ್ತಿರುತ್ತಾರೆ. ಆದರೆ ಮಸ್ಕತ್ತಿನ ಸುತ್ತ ಮಳೆ ಬಂದಾಗ ನಮ್ಮ ಕಡೆಯ ಹಳ್ಳ ದಾಟಿದ ಅನುಭವದ ಧೈರ್ಯದಿಂದ ವಾದಿಗೆ, ಅಂದರೆ ಇಲ್ಲಿಯ ಒಣ ಹಳ್ಳಕ್ಕೆ, ಕಾರು ಇಳಿಸಲು ಯಾರಿಗೂ ಬಿಡಬೇಡಿ. ಎಲ್ಲೋ ಬೆಟ್ಟದಲ್ಲಿ ಸುರಿದ ನೀರು ಒಣಗಿದ ಪಾತ್ರದಲ್ಲಿ ಕ್ಷಣಾರ್ಧದಲ್ಲಿ ನುಗ್ಗಿ ಬರುತ್ತದೆ. ಪ್ರತಿ ವರ್ಷವೆಂಬಂತೆ ಜೀವಗಳು ಹೋಗುತ್ತವೆ.

ಕೊನೆಯದಾಗಿ, ನಿಮಗೆ ದಿನ ಸರಿಯದಿರಲು ಬಹುಪಾಲು ಕಾರಣ ನಿಮ್ಮ ಕೈಯಲ್ಲಿ ವಾಹನವಿಲ್ಲದಿರುವುದು ಎಂಬುದು ನನ್ನ ಅನುಮಾನ. ಬಸ್ಸುಗಳಿದ್ದರೂ ಈ ಬಿಸಿಲಿನಲ್ಲಿ ನಿಲ್ದಾಣದವರೆಗೆ ನಡೆಯುವುದೇ ಕಷ್ಟ. ಇಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಲೈಸೆನ್ಸ್ ಪಡೆಯಲು ಡ್ರಮ್‌ಗಳ ನಡುವೆ ಹಿಂದಕ್ಕೆ ಚಲಾಯಿಸುವುದು, ಇಳಿಜಾರಿನಲ್ಲಿ ನಿಲ್ಲಿಸಿ ಹೊರಡುವುದು, ಆಮೇಲೆ ರಸ್ತೆಯ ಮೇಲಿನ ಪರೀಕ್ಷೆ, ಹೀಗೆ ಹಂತಗಳಿರುವುದರಿಂದ ತಿಂಗಳುಗಳೇ ಹಿಡಿಯಬಹುದು. ಕಲಿಸುವ ಮಹಿಳೆಯರೂ ಇದ್ದಾರೆ. ಈ ವಾರವೇ ಅರ್ಜಿ ಹಾಕಿ, ಬೆಳಗಿನ ತಂಪಿನ ಹೊತ್ತಿನ ಪಾಠ ಕೇಳಿಕೊಳ್ಳಿ. ಅಕ್ಟೋಬರ್ ಹೊತ್ತಿಗೆ ಲೈಸೆನ್ಸ್ ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ನೀವೇ ಓಡಿಸಿಕೊಂಡು ಬರಬಹುದು.