ನುನಾವುಟ್‌ನ ಇನ್ಯೂಟ್ ಯುವಜನರಿಗೆ ಕಾಲೇಜು ಓದು ಯಾಕಿಷ್ಟು ಕಷ್ಟ?

ಮುಖ್ಯ ಕಾರಣ, ಓದಬೇಕೆಂದರೆ ಊರನ್ನೇ ಬಿಡಬೇಕು. ಇನ್ಯೂಟ್ ಎಂಬ ಮೂಲನಿವಾಸಿ ಜನರ ನೆಲೆಯಾದ, ಕೆನಡಾದ ಉತ್ತರ ತುದಿಯ ನುನಾವುಟ್ ಪ್ರದೇಶದಲ್ಲಿ 25 ಊರುಗಳಿವೆ. ಒಂದರಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ವರ್ಷವಿಡೀ ಓಡಾಡಲು ವಿಮಾನವೇ ಗತಿ, ಟಿಕೆಟ್ ವಿಪರೀತ ದುಬಾರಿ. ನುನಾವುಟ್ ಆರ್ಕ್‌ಟಿಕ್ ಕಾಲೇಜು ಇದೆ, ಊರೂರಲ್ಲಿ ಅದರ ಚಿಕ್ಕ ಕಲಿಕಾ ಕೇಂದ್ರಗಳೂ ಇವೆ. ಆದರೆ ನರ್ಸಿಂಗ್ ಓದಲು ರಾಜಧಾನಿ ಇಕಾಲುಯಿಟ್‌ಗೆ ಹೋಗಬೇಕು. ಬೇರೆ ಎಷ್ಟೋ ಪದವಿಗಳಿಗೆ ದಕ್ಷಿಣದ ದೊಡ್ಡ ನಗರಗಳೇ ಆಗಬೇಕು.

ಹೀಗೆ ಹೊರಡುವವರೆಲ್ಲ ಹದಿನೆಂಟರ ಹುಡುಗ ಹುಡುಗಿಯರಲ್ಲ. ಹಲವರಿಗೆ ಆಗಲೇ ಪುಟ್ಟ ಮಕ್ಕಳಿರುತ್ತವೆ. ಹೋದ ಕಡೆ ಮನೆ ಸಿಗುವುದು ಕಷ್ಟ, ಮಗುವನ್ನು ನೋಡಿಕೊಳ್ಳಲು ಅಜ್ಜಿಯೂ ಹತ್ತಿರ ಇರುವುದಿಲ್ಲ. ಅರ್ಧಕ್ಕೇ ಬಿಟ್ಟು ವಾಪಸ್ ಬಂದವರನ್ನು ಸುಮ್ನೆ ದೂರುವುದು ತಪ್ಪು ಅಲ್ವಾ? ಜೊತೆಗೆ ಭಾಷೆಯ ತೊಡಕು. ಶಾಲೆಯಲ್ಲಿ ಮೊದಲ ಕೆಲವು ವರ್ಷ ಮಾತ್ರ ತಾಯ್ನುಡಿ ಇನುಕ್ಟಿಟುಟ್‌ನಲ್ಲಿ ಪಾಠ, ಆಮೇಲೆ ಜಾಸ್ತಿ ಇಂಗ್ಲಿಷೇ.

ಪಾಠವೇ ಜನರ ಹತ್ತಿರ ಬಂದಾಗ ಫಲ ಸಿಕ್ಕಿದೆ. ಸಸ್ಕಾಚೆವಾನ್ ವಿಶ್ವವಿದ್ಯಾಲಯ 2017ರಲ್ಲಿ ಇಕಾಲುಯಿಟ್‌ನಲ್ಲೇ ಕಾನೂನು ಪದವಿ ಶುರುಮಾಡಿತು. 2021ರಲ್ಲಿ ಅಲ್ಲಿ ಓದಿದವರು ಪದವೀಧರರಾದರು. ಶಿಕ್ಷಕರ ತರಬೇತಿಯನ್ನಂತೂ ಚಿಕ್ಕ ಊರುಗಳಿಗೇ ಒಯ್ದಿದ್ದಾರೆ. ಅದರಿಂದ ಎಷ್ಟೋ ತಾಯಂದಿರು ತಮ್ಮ ಊರಲ್ಲಿದ್ದುಕೊಂಡೇ ಮೇಷ್ಟ್ರ ಕೆಲಸ ಕಲಿಯಲು ಸಾಧ್ಯವಾಗಿದೆ.